ಡಬ್ಬಿ ಕಾಣುವ ರೋಗ

ಅಜಾಗರೂಕತೆಯಿಂದ ಮಾಡಿದ ತಪ್ಪಿಗೆ ಲೋಕದಲ್ಲಿ ಕ್ಷಮೆಯುಂಟು. ಕೈ ಜಾರಿತು, ಗಮನ ಎಲ್ಲೋ ಇತ್ತು ಎಂದರೆ ಜನ ತಲೆಯಾಡಿಸಿ ಬಿಟ್ಟುಬಿಡುತ್ತಾರೆ. ನನ್ನ ಕಷ್ಟವೇನೆಂದರೆ, ನಾನು ಈ ತಪ್ಪನ್ನು ಬಹಳ ಜಾಗರೂಕತೆಯಿಂದ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಮೂರು ಸಲ ಎಣಿಸಿ ಮಾಡಿದೆ.

ನಾನು ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಕೌಂಟರಿನವನು. ಬಂದವರ ಹೆಸರೇನು, ವಯಸ್ಸೆಷ್ಟು, ತೊಂದರೆ ಯಾವ ಕಣ್ಣಿಗೆ ಎಂದು ಕೇಳಿ ಕಂಪ್ಯೂಟರಿಗೆ ತುಂಬುತ್ತೇನೆ. ತುಂಬಿದ ಹೆಸರು ಆಸ್ಪತ್ರೆಯ ವೆಬ್‌ಸೈಟಿನ ಒಂದು ಪುಟಕ್ಕೆ ಹೋಗುತ್ತದೆ. ಆ ಪುಟ ನನ್ನ ತಲೆಯ ಮೇಲೆ ತೂಗುಹಾಕಿದ ದೊಡ್ಡ ಪರದೆಯಲ್ಲಿ, ಎದುರಿನ ದೊಡ್ಡ ಹಾಲಿನಲ್ಲಿ ಸರದಿಗೆ ಕೂತವರ ಕಡೆ ಮುಖ ಮಾಡಿ ಕಾಣುತ್ತದೆ. ಅವರಿಗೆ ಪರದೆಯ ಮುಖ. ನನಗೆ ಅದರ ಬೆನ್ನು, ನಾಲ್ಕು ವೈರು ಮತ್ತು ಒಂದು ಜೇಡರ ಬಲೆ.

ಆ ವೆಬ್‌ಸೈಟು ನನ್ನ ಕೈಗೆ ಬಂದದ್ದು ನನ್ನ ದುರಾಸೆಯಿಂದ. ಒಂದು ವರ್ಷ ಸಂಜೆ ತರಗತಿಗೆ ಹೋಗಿ ವೆಬ್‌ಸೈಟು ಮಾಡುವುದನ್ನು ಕಲಿತೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದರೆ ಸಾಕಿತ್ತು. ಅದರ ನಕಲನ್ನು ದೊಡ್ಡ ಡಾಕ್ಟರಿಗೂ ತೋರಿಸಿದೆ. ಅವರು ಎರಡೂ ಬದಿ ತಿರುಗಿಸಿ ನೋಡಿ, "ಸರಿ, ಇನ್ನು ಸೈಟು ನೀನೇ ನೋಡ್ಕೋ" ಎಂದರು. ಸಂಬಳದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪರದೆಗೊಂದು ಜಾಡ್ಯವಿತ್ತು. ಪ್ರತಿ ಸಲ ಹೆಸರು ಬದಲಾದಾಗಲೂ ಪುಟ ಹೊಸದಾಗಿ ತೆರೆಯಬೇಕು. ತೆರೆಯುವ ತನಕ ಬರೀ ಬಿಳುಪು. ಪೊರೆ ತೆಗೆಸಿಕೊಂಡು ಪಟ್ಟಿ ಬಿಚ್ಚಿಸಿಕೊಂಡವರು ಆ ಬಿಳುಪನ್ನು ಕಂಡು, ಆಪರೇಷನ್ ಕೆಟ್ಟಿತೆಂದು ಅಲ್ಲೇ ಗೋಡೆ ಹಿಡಿದು ನಿಲ್ಲುತ್ತಿದ್ದರು.

"ಏನಪ್ಪಾ," ಎಂದರು ದೊಡ್ಡ ಡಾಕ್ಟರು, "ಒಂದು ವರ್ಷ ಕ್ಲಾಸಿಗೆ ಹೋಗಿ ಸುಣ್ಣ ಬಳಿಯೋದು ಕಲಿತು ಬಂದ್ಯಾ?"

ಸಂಜೆ ತರಗತಿಯ ಮೇಷ್ಟ್ರ ಹತ್ತಿರ ಓಡಿದೆ. ಅವರು ನಮ್ಮ ಪುಟ ನೋಡಿ, ಭಾರವೆಲ್ಲ ಫಾಂಟಿನದು ಎಂದರು. ಪುಟದ ಜೊತೆ ಅಕ್ಷರಗಳ ಆಕಾರಗಳಿರುವ ಕಡತವೂ ಪರದೆಗೆ ಹೋಗುತ್ತದಂತೆ. ನಮ್ಮ ಲಿಪಿಯಲ್ಲಿ ಒಂದಕ್ಷರ ಎಂದರೆ ಒಂದೇ ಅಲ್ಲವಲ್ಲ. ಕಾಗುಣಿತವಿದೆ, ಒತ್ತುಗಳಿವೆ, ಜೊತೆಗೆ ಕೇಳದಿದ್ದರೂ ಬರುವ ಬೇರೆ ಭಾಷೆಯ ಅಕ್ಷರಗಳು, ನಕ್ಷತ್ರ, ಬಾಣ, ಹೃದಯದ ಗುರುತು. ಎಲ್ಲ ಸೇರಿ ಸಾವಿರದ ಮೇಲೆ.

"ಎರಡು ದಿನದ ಪ್ರಯಾಣಕ್ಕೆ ಬೀರುವನ್ನೇ ಹೊತ್ಕೊಂಡು ಹೋಗ್ತೀರಾ?" ಎಂದು ಕೇಳಿದರು ಮೇಷ್ಟ್ರು. "ಸೈಟಲ್ಲಿ ಯಾವ ಅಕ್ಷರ ಇದೆಯೋ ಅಷ್ಟನ್ನೇ ಇಟ್ಕೊಳ್ಳಿ. ಮಿಕ್ಕಿದ್ದು ಕತ್ತರಿಸಿ."

ಇದನ್ನು ಮಾಡಿಕೊಡುವ ಸಾಧನಗಳಿವೆ. ಏನೇನು ಬೇಕೆಂಬ ಪಟ್ಟಿಯನ್ನು ಮಾತ್ರ ನಾವು ಕೊಡಬೇಕು. ಪಟ್ಟಿಯನ್ನು ಕಂಪ್ಯೂಟರೇ ಮಾಡುತ್ತದೆ ಎಂದೂ ಮೇಷ್ಟ್ರು ಹೇಳಿದ್ದರು. ಆದರೆ ಯಂತ್ರದ ಲೆಕ್ಕವನ್ನು ನಾನು ನಂಬುವವನಲ್ಲ. ಒಂದು ಮಂಗಳವಾರ ಸೈಟಿನ ಎಲ್ಲ ಪುಟಗಳನ್ನೂ, ಆ ದಿನದ ರೋಗಿಗಳ ಪಟ್ಟಿಯನ್ನೂ ಅಚ್ಚು ಹಾಕಿಕೊಂಡು ಮನೆಗೆ ತಂದೆ. ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಅಕ್ಷರಕ್ಕೆ ಗೀಟು ಹಾಕುತ್ತಾ ಕೂತೆ.

"ರೀ, ನಮ್ಮ ಜಾತಕ ನೋಡುವಾಗ್ಲೂ ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ ಯಾರೂ," ಎಂದಳು ಹೆಂಡತಿ. "ತಟ್ಟೆ ಎಲ್ಲಿಡಲಿ?"

ಮೂರು ಸಂಜೆ ಎಣಿಸಿದೆ. ಬೇಕಾದದ್ದು ಇನ್ನೂರ ಎಪ್ಪತ್ತು ಆಕಾರ. ಆ ಮಂಗಳವಾರ ಘ, ಛ, ಝ, ಠ, ಢ ಮುಂತಾದವರು ಯಾರೂ ಕಣ್ಣು ತೋರಿಸಿಕೊಳ್ಳಲು ಬಂದಿರಲಿಲ್ಲ. ಅವರನ್ನೆಲ್ಲ ಕೆಲಸದಿಂದ ತೆಗೆದೆ.

ಮರುದಿನ ಬೆಳಿಗ್ಗೆ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ದೊಡ್ಡ ಡಾಕ್ಟರು ಹಿಂಬಾಗಿಲಿನಿಂದ ಒಳಗೆ ಬರುತ್ತಾ, ಈಗ ಬಿಳುಪಿನ ದೂರು ಇಲ್ಲವಂತೆ ಎಂದು ಕೇಳಿಸಿಕೊಂಡು, "ಪರವಾಗಿಲ್ಲ" ಎಂದರು. ಹದಿನಾರು ವರ್ಷದಲ್ಲಿ ಅವರಿಂದ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ. ಅದನ್ನು ಮನೆಗೆ ಒಯ್ದು, ಹೆಂಡತಿಗೆ ಎರಡು ಸಲ, ಪಕ್ಕದ ಮನೆಯವರಿಗೆ ಒಂದು ಸಲ ಹೇಳಿದೆ.

ನನಗೆ ಅನುಮಾನವೇ ಬರಲಿಲ್ಲ ಎಂದು ಯಾರೂ ತಿಳಿಯಬಾರದು. ಅನುಮಾನ ನನ್ನ ಹುಟ್ಟುಗುಣ. ನಾಳೆ ಹೊಸ ಅಕ್ಷರದವರು ಬಂದರೆ ಏನು ಗತಿ ಎಂದು ಅದೇ ದಿನ ಯೋಚಿಸಿದೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಆ ಪುಟವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ಹೆಸರು ಹೆಸರು ಪರೀಕ್ಷಿಸುತ್ತಿದ್ದೆ. ಎಲ್ಲವೂ ಸರಿಯಾಗಿ ಕಾಣುತ್ತಿದ್ದವು. ನಾನು ಕತ್ತರಿಸಿದ ಅಕ್ಷರ ಬೇಕಾದಾಗ ನನ್ನ ಕಂಪ್ಯೂಟರು ಸದ್ದಿಲ್ಲದೆ ತನ್ನ ಜೇಬಿನಿಂದ ಒಂದನ್ನು ತೆಗೆದು ಹಾಕುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಹಾಲಿನ ಪರದೆಯ ಹಿಂದಿನ ಪುಟ್ಟ ಯಂತ್ರಕ್ಕೆ ಜೇಬೇ ಇರಲಿಲ್ಲ. ಕೊಟ್ಟ ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಅದು ಆ ಜಾಗದಲ್ಲಿ ಒಂದು ಖಾಲಿ ಡಬ್ಬಿ ಬರೆದು ಕೈತೊಳೆದುಕೊಳ್ಳುತ್ತಿತ್ತು.

ಮೊದಲು ಬಂದವರು ಒಬ್ಬ ದರ್ಜಿ ಹೆಂಗಸು.

"ಅಣ್ಣಾ, ಮೇಲೆ ನನ್ನ ಹೆಸರಲ್ಲಿ ಒಂದು ಡಬ್ಬಿ ಕಾಣುತ್ತಲ್ಲ?"

ನಾನು ನನ್ನ ಕಂಪ್ಯೂಟರು ನೋಡಿದೆ. "ನನಗೆ ಸರಿಯಾಗೇ ಕಾಣುತ್ತಮ್ಮ."

"ಅಯ್ಯೋ, ಹೌದಾ?"

"ಗಾಬರಿ ಬೇಡ. ಕಣ್ಣು ಸರಿ ಇಲ್ಲ ಅಂತ ತಾನೇ ನೀವು ಬಂದಿರೋದು. ಒಳಗೆ ಡಾಕ್ಟರಿಗೂ ಇದನ್ನೇ ಹೇಳಿ."

ಅವರು ಹೇಳಿದರು. ಆ ವಾರ ಇನ್ನೂ ನಾಲ್ಕು ಜನ ಹೇಳಿದರು. ನಾನು ಎಲ್ಲರಿಗೂ ತಾಳ್ಮೆಯಿಂದ ಅದೇ ಸಮಾಧಾನ ಕೊಟ್ಟು ಒಳಗೆ ಕಳಿಸಿದೆ. ಒಳಗೆ ಹೊಸದಾಗಿ ಸೇರಿದ್ದ ಕಿರಿಯ ಡಾಕ್ಟರಮ್ಮ ಇದ್ದರು. ಓದಿನ ಹಸಿವಿನವರು. ರೋಗಿಗಳನ್ನು ಅಕ್ಷರದ ಫಲಕದ ಮುಂದೆ ಕೂರಿಸಿದರೆ ಎಲ್ಲ ಸಾಲನ್ನೂ ಸರಿಯಾಗಿ ಓದುತ್ತಾರೆ. ಹಾಲಿಗೆ ಬಂದರೆ ಡಬ್ಬಿ. "ಅದೇ ಇದರ ವೈಶಿಷ್ಟ್ಯ" ಎಂದು ಅವರು ಒಂದು ನೋಟ್‌ಬುಕ್ಕು ತೆರೆದು, ಮೇಲೆ 'ಚೌಕ ದರ್ಶನ' ಎಂದು ಬರೆದು ಅಡಿಗೆರೆ ಎಳೆದರು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಗೌರವ.

ಡಾಕ್ಟರುಗಳು ಬರುವುದು ಹೋಗುವುದು ಹಿಂಬಾಗಿಲಿನಿಂದ. ನರ್ಸಮ್ಮಂದಿರು ಚೀಟಿ ನೋಡಿ ಬಾಯಲ್ಲೇ ಕೂಗಿ ಕರೆಯುತ್ತಾರೆ. ಹೀಗಾಗಿ ಪರದೆಯನ್ನು ತಲೆಯೆತ್ತಿ ನೋಡುತ್ತಿದ್ದವರು ಕಣ್ಣಿನ ಮೇಲೆ ಭರವಸೆ ಇಲ್ಲದವರು ಮಾತ್ರ.

ಎರಡನೆಯ ವಾರಕ್ಕೆ ಹಾಲಿನಲ್ಲಿ ಬೇರೆ ಮಾತೇ ಇರಲಿಲ್ಲ.

"ನಿಮಗೆಷ್ಟು ಡಬ್ಬಿ?"

"ಒಂದು. ನಿಮಗೆ?"

"ನನ್ನ ಹೆಸರಲ್ಲಿ ಒಂದು, ಆ ಮೇಲಿನವರದ್ರಲ್ಲಿ ಎರಡು."

"ಹಾಗಾದ್ರೆ ನಿಮ್ಮದು ಮುಂದುವರಿದಿದೆ."

ರೋಗಿಯ ಜೊತೆ ಬಂದ ಒಬ್ಬ ಸೋದರಳಿಯ ತನಗೂ ಡಬ್ಬಿ ಕಾಣುತ್ತದೆಂದಾಗ, ಇದು ಅಂಟುರೋಗವೆಂದು ನಿರ್ಧಾರವಾಯಿತು. ಬೆಂಚುಗಳನ್ನು ಎರಡು ಭಾಗ ಮಾಡಿ ನಡುವೆ ಹಗ್ಗ ಕಟ್ಟಿದರು. ಡಬ್ಬಿಯವರು ಕಿಟಕಿ ಕಡೆ, ಡಬ್ಬಿ ಇಲ್ಲದವರು ಬಾಗಿಲ ಕಡೆ. ಬಾಗಿಲ ಕಡೆ ಕೂತವರಿಗೂ ಡಬ್ಬಿ ಕಾಣುತ್ತಿತ್ತು. ಆದರೆ ಕಿಟಕಿಯ ಹತ್ತಿರ ಬಿಸಿಲು ಜಾಸ್ತಿ ಎಂದು ಅವರು ಬಾಯಿ ಬಿಡಲಿಲ್ಲ.

ಬಾಯಿ ಬಿಡದ ಇನ್ನೊಬ್ಬ ಬಾಗಿಲ ಕಾವಲಿನವನು. ಮೂರು ಮಕ್ಕಳ ತಂದೆ. ಕಣ್ಣು ಕೆಟ್ಟ ಕಾವಲುಗಾರನನ್ನು ಕಣ್ಣಿನ ಆಸ್ಪತ್ರೆಯೂ ಇಟ್ಟುಕೊಳ್ಳುವುದಿಲ್ಲ ಎಂದು ಹೆದರಿ, ಕುರ್ಚಿಯನ್ನು ತಿರುಗಿಸಿ ಪರದೆಗೆ ಬೆನ್ನು ಹಾಕಿ ಕೂರತೊಡಗಿದ್ದ. ಯಾರಾದರೂ ಕೇಳಿದರೆ, "ನನಗೆ ಎಲ್ಲ ಚೆನ್ನಾಗಿ ಕಾಣುತ್ತೆ ಸ್ವಾಮಿ" ಎನ್ನುತ್ತಿದ್ದ, ಗೋಡೆ ನೋಡಿಕೊಂಡು.

ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಇದು ನಗುವ ಕಥೆ. ಆ ಗುರುವಾರ ನನ್ನ ಮಾವ ಬಂದರು.

ಮಾವ, ಎಂದರೆ ನನ್ನ ಹೆಂಡತಿಯ ತಂದೆ, ನಮ್ಮ ಹಿಂದಿನ ಬೀದಿಯ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಮೂವತ್ತೆಂಟು ವರ್ಷ ಅಚ್ಚಿನ ತಪ್ಪು ಹುಡುಕಿದ ಕಣ್ಣು. ಅತ್ತೆ ತೀರಿಹೋದ ಮೇಲೆ ನಮ್ಮಲ್ಲೇ ಇದ್ದರು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಮನೆಗೆ ಬಂದ ಬಿಸ್ಕತ್ತಿನ ಪೊಟ್ಟಣ, ವಿದ್ಯುತ್ ಇಲಾಖೆಯ ಸೂಚನೆ, ನನ್ನ ಸಂಜೆ ತರಗತಿಯ ಸರ್ಟಿಫಿಕೇಟು, ಯಾವುದೂ ಆ ಪೆನ್ಸಿಲಿನಿಂದ ತಪ್ಪಿಸಿಕೊಂಡಿರಲಿಲ್ಲ. ಸರ್ಟಿಫಿಕೇಟಿನಲ್ಲಿ ಎರಡು ತಪ್ಪು ಸಿಕ್ಕಿದ್ದವು.

ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳುವುದು ಅವರ ಪದ್ಧತಿ. ನಾನೇ ಹೆಸರು ಟೈಪು ಮಾಡಿದೆ. ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಕಾವಲಿನವನ ಹತ್ತಿರ ಹೋಗಿ ಏನೋ ಕೇಳಿದರು. ಅವನು ಗೋಡೆಯ ಕಡೆ ನೋಡುತ್ತಾ ಏನೋ ಹೇಳಿದ. ಆಮೇಲೆ ನನ್ನ ಕೌಂಟರಿಗೆ ಬಂದರು.

"ಅಳಿಯಂದಿರೇ, ನನ್ನ ಹೆಸರು ಬಂದಿದೆಯಾ?"

"ಬಂದಿದೆ ಮಾವ. ನಾಲ್ಕನೇದು."

"ಪೂರ್ತಿ ಬಂದಿದೆಯಾ?"

"ಪೂರ್ತಿ."

"ಎಲ್ಲಾ ಅಕ್ಷರ?"

ನನಗೆ ಸ್ವಲ್ಪ ನೋವಾಯಿತು. ಮಾವ ನನ್ನ ಟೈಪಿನಲ್ಲೂ ತಪ್ಪು ಹುಡುಕಲು ಹೊರಟಿದ್ದಾರೆ ಎಂದುಕೊಂಡೆ. ನನ್ನ ಕಂಪ್ಯೂಟರಿನಿಂದ ಅವರ ಹೆಸರನ್ನು ಅಕ್ಷರ ಬಿಡಿಸಿ, ಗಟ್ಟಿಯಾಗಿ, ಹಾಲಿಗೆಲ್ಲ ಕೇಳುವಂತೆ ಓದಿದೆ.

"ಒಂದೂ ಬಿಟ್ಟಿಲ್ಲ ಮಾವ. ಮುತ್ತು ಪೋಣಿಸಿದ ಹಾಗಿದೆ. ಬೇಕಾದ್ರೆ ಇನ್ನೊಂದು ಸಲ ಓದ್ಲಾ?"

"ಬೇಡ," ಎಂದರು. "ಸಾಕು."

ಒಳಗೆ ಡಾಕ್ಟರಮ್ಮ ಅವರನ್ನು ನೋಟ್‌ಬುಕ್ಕಿನಲ್ಲಿ ಹದಿನೇಳನೆಯವರಾಗಿ ಸೇರಿಸಿಕೊಂಡರು. ಈಗ ದೂರದ ಅಕ್ಷರಕ್ಕೆ ಬಂದದ್ದು ಮುಂದೆ ಹತ್ತಿರದ್ದಕ್ಕೂ ಬರಬಹುದು, ಔಷಧಿ ಇನ್ನೂ ಇಲ್ಲ, ಅಧ್ಯಯನ ನಡೆದಿದೆ ಎಂದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಮಾವ ಹೊರಗೆ ಬಂದಾಗ "ಏನಂದ್ರು?" ಎಂದು ಕೇಳಿದೆ. "ವಯಸ್ಸಾಯ್ತು ಅಂದ್ರು" ಎಂದು ಚಪ್ಪಲಿ ಮೆಟ್ಟಿಕೊಂಡರು. ಎದುರಿಗೆ ಸಾಲಾಗಿ ನಿಂತವರಿದ್ದರು. ನಾನು ಮುಂದಿನವರ ವಯಸ್ಸು ಕೇಳಿದೆ.

ಆಸ್ಪತ್ರೆಯಿಂದ ಅವರು ನೇರ ಮುದ್ರಣಾಲಯಕ್ಕೆ ಹೋಗಿ ಕೆಲಸ ಬಿಟ್ಟು ಬಂದರು. ಮನೆಯಲ್ಲಿ "ಸಾಕಾಯ್ತಮ್ಮ, ಇನ್ನೆಷ್ಟು ದಿನ" ಎಂದರು. ನಮಗೆ ಸಂತೋಷವೇ ಆಯಿತು. ಎಪ್ಪತ್ತರ ವಯಸ್ಸು, ವಿಶ್ರಾಂತಿ ಬೇಕು ಎಂದು ನಾನು ಭಾಷಣವನ್ನೂ ಮಾಡಿದೆ.

ನಾಲ್ಕನೆಯ ದಿನ ಹೆಂಡತಿ ಅಡುಗೆಮನೆಯಿಂದ ನನ್ನನ್ನು ಕರೆದಳು.

"ರೀ, ಅಪ್ಪನಿಗೆ ಏನೋ ಆಗಿದೆ."

"ಏನಾಯ್ತು?"

"ಹೊಸ ಬಿಸ್ಕತ್ತಿನ ಪೊಟ್ಟಣ ಎದುರಿಗೇ ಇಟ್ಟೆ. ತಿಂದ್ರು."

"ತಿನ್ನೋಕೆ ತಾನೇ ಇಟ್ಟಿದ್ದು?"

"ಓದ್ಲಿಲ್ಲ ರೀ. ಒಂದು ಗುರುತೂ ಹಾಕ್ಲಿಲ್ಲ." ಅವಳ ಕಣ್ಣಲ್ಲಿ ನೀರು. "ಕಿವಿ ಮೇಲೆ ಪೆನ್ಸಿಲೂ ಇಲ್ಲ."

ಅವಳು ಕೂತು ಕೇಳಿದಾಗ ಅವರು ಹೇಳಿದ್ದಿಷ್ಟು: ಕಣ್ಣು ಇಲ್ಲದ್ದನ್ನು ತೋರಿಸುತ್ತಿದೆ. ಸರಿಯಾದ ಅಕ್ಷರದ ಮೇಲೆ ಡಬ್ಬಿ ಕೂರಿಸುತ್ತಿದೆ. ಡಬ್ಬಿ ಕಂಡರೆ ಅದು ತಪ್ಪೆಂದಾದರೂ ಗೊತ್ತಾಗುತ್ತದೆ. "ಆದರೆ ತಪ್ಪಿದ್ದ ಕಡೆ ಇದು ಸರಿ ಅಂತ ತೋರಿಸಿದರೆ? ನನಗೆ ಹೇಗೆ ಗೊತ್ತಾಗ್ಬೇಕು? ಕೈಯಲ್ಲಿದ್ದದ್ದು ಮಕ್ಕಳ ಪಾಠದ ಪುಸ್ತಕ. ನನ್ನ ಕಣ್ಣಿನ ತಪ್ಪನ್ನ ಅವು ಬಾಯಿಪಾಠ ಮಾಡ್ತವೆ."

ಹೆಂಡತಿ ಬಂದು ನನಗೆ ಇದನ್ನು ಹೇಳಿದಳು. ನಾನು ಬಹಳ ಮರುಗಿದೆ. "ಪಾಪ, ಮಾವನಿಗೂ ಬಂತಾ" ಎಂದೆ. ಮರುಗುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಮುಂದಿನ ಸೋಮವಾರ ಡಾಕ್ಟರಮ್ಮ ಡಬ್ಬಿ ಕಾಣುವ ಇಪ್ಪತ್ತಮೂರು ಜನರನ್ನೂ ಹಾಲಿಗೆ ಕರೆಸಿದರು. ತಮ್ಮ ಅಧ್ಯಯನವನ್ನು ದೊಡ್ಡ ಡಾಕ್ಟರಿಗೆ ಒಪ್ಪಿಸುವ ದಿನ. ದೊಡ್ಡ ಡಾಕ್ಟರು ಹಾಲಿನ ನಡುವೆ ಬಂದು ನಿಂತು ಕೈಕಟ್ಟಿಕೊಂಡರು.

"ಸಾರ್, ಇವರೆಲ್ಲ ಒಟ್ಟಿಗೆ ಪರದೆ ನೋಡ್ತಾರೆ. ನೋಡಿ ಏನು ಕಾಣುತ್ತೆ ಅಂತ ಹೇಳ್ತಾರೆ."

ಇಪ್ಪತ್ತಮೂರು ತಲೆ ಮೇಲೆದ್ದವು. ದೊಡ್ಡ ಡಾಕ್ಟರ ತಲೆಯೂ ಎದ್ದಿತು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು.

"ಡಾಕ್ಟ್ರೇ," ಎಂದರು ಮೆಲ್ಲಗೆ, "ನೀವೂ ಸ್ವಲ್ಪ ನೋಡಿ."

ಡಾಕ್ಟರಮ್ಮ ನೋಡಿದರು. ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡರು.

"ಏ," ಎಂದರು ದೊಡ್ಡ ಡಾಕ್ಟರು ನನಗೆ, "ಈಚೆ ಬಾ."

ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಅವರ ಪಕ್ಕ ನಿಂತು, ತಲೆಯೆತ್ತಿದೆ. ಫಾಂಟು ಕತ್ತರಿಸಿ ಇಪ್ಪತ್ತೈದು ದಿನವಾಗಿತ್ತು. ನನ್ನ ಕೆಲಸವನ್ನು ಅದರ ಮುಖದ ಕಡೆಯಿಂದ ನಾನು ಆವರೆಗೆ ನೋಡಿರಲಿಲ್ಲ. ಸಾಲು ಸಾಲಾಗಿ ಹೆಸರುಗಳು. ನಡುನಡುವೆ ಚೊಕ್ಕವಾದ, ಅಂಚು ಸರಿಯಾದ ಖಾಲಿ ಡಬ್ಬಿಗಳು. ಹಲ್ಲು ಕಿತ್ತ ಬಾಯಿಗಳ ಹಾಗೆ.

"ನಿನಗೂ ಕಾಣುತ್ತಾ?"

"ಕಾಣುತ್ತೆ ಸಾರ್."

"ಏನದು?"

"ನಾನು ಸಾರ್," ಎಂದೆ.

ಹಿಂದಿನಿಂದ ಕಾವಲಿನವನು ಕುರ್ಚಿ ಬಿಟ್ಟು ಎದ್ದು ಬಂದ. "ಹಾಗಾದ್ರೆ ನನ್ನ ಕಣ್ಣು ಸರಿ ಇದೆಯಾ ಸಾರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೋಡೆಗೆ ಒರಗಿ ಅತ್ತುಬಿಟ್ಟ. ದರ್ಜಿ ಹೆಂಗಸು ಅವನಿಗೆ ತನ್ನ ಕರವಸ್ತ್ರ ಕೊಟ್ಟರು. ಅಂಟುರೋಗದ ಭಯ ಅಷ್ಟರಲ್ಲಿ ಎಲ್ಲರಿಗೂ ಮರೆತಿತ್ತು. ಕೆಲವರು ನಕ್ಕರು. ಕೆಲವರು ಡಬ್ಬಿ ರೋಗಕ್ಕೆಂದು ತಾವೇ ಅಂಗಡಿಯಿಂದ ಕೊಂಡಿದ್ದ ಹನಿಯ ಶೀಶೆಗಳನ್ನು ನನ್ನ ಕೌಂಟರಿನ ಮೇಲೆ ಒಂದೊಂದಾಗಿ ಇಟ್ಟು ಹೋದರು. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ನೋಟ್‌ಬುಕ್ಕಿನ ಆ ಪುಟಗಳನ್ನು ಹರಿಯದೆ, ಎರಡಾಗಿ ಮಡಿಚಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಹಳೆಯ ಫಾಂಟನ್ನು ಮತ್ತೆ ಹಾಕಲು ಹತ್ತು ನಿಮಿಷ ಸಾಕಾಯಿತು. ಕಳಿಸಿದವರೆಲ್ಲ ಕೆಲಸಕ್ಕೆ ವಾಪಸು ಬಂದರು, ಘ, ಛ, ಝ, ಹೃದಯದ ಗುರುತು ಸಮೇತ.

ಮಧ್ಯಾಹ್ನವೇ ಮನೆಗೆ ಹೋದೆ. ಮಾವ ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಮಡಿಕೆ ಬಿಚ್ಚದ ಪತ್ರಿಕೆ. ನಾನು ನಿಂತೇ ಎಲ್ಲ ಹೇಳಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಹಾಗಾದ್ರೆ ಅಲ್ಲಿ ಡಬ್ಬಿ ಇತ್ತು," ಎಂದರು ಮಾವ.

"ಇತ್ತು ಮಾವ."

"ನಾನು ಕಂಡದ್ದು ಸರಿ."

"ಸರಿ ಮಾವ."

"ನೀವು ಗಟ್ಟಿಯಾಗಿ ಓದಿ ಹೇಳಿದ್ರಲ್ಲ?"

"ಅದು ನನ್ನ ಕಂಪ್ಯೂಟರಲ್ಲಿ ಸರಿ ಇತ್ತು."

ಅವರು ಪತ್ರಿಕೆಯನ್ನು ಒಮ್ಮೆ ತಿರುವಿ ಇಟ್ಟುಕೊಂಡರು. "ಒಂದು ದಿನ ಬಂದವರನ್ನ ನೋಡಿ, ಲೋಕದಲ್ಲಿ ಇರೋರು ಇಷ್ಟೇ ಅಂದ್ಕೊಂಡ್ರಾ?"



"ಇನ್ನೂ ಏನು ನಿಂತಿದ್ದೀರಿ?" ಎಂದಳು ಹೆಂಡತಿ. "ಹೋಗಿ ಮುದ್ರಣಾಲಯದವರ ಹತ್ರ ಮಾತಾಡಿ."

ಮುದ್ರಣಾಲಯದ ಯಜಮಾನರು ಒಳ್ಳೆಯವರು. ಅದೇ ಕಷ್ಟ. "ನಾನು ಬೇಡ ಬೇಡ ಅಂದೆ," ಎಂದರು. "ಅವರು ಕಾರಣವನ್ನೇ ಹೇಳ್ಲಿಲ್ಲ. ಮೂವತ್ತೆಂಟು ವರ್ಷ ಪ್ರತಿಯೊಂದ್ರಲ್ಲೂ ತಪ್ಪು ಕಂಡವರು. ಕೊನೆಗೆ ನನ್ನಲ್ಲೇ ಏನೋ ಕಂಡಿರಬೇಕು ಅಂದ್ಕೊಂಡು ನಾನೂ ಸುಮ್ಮನಾದೆ." ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದ ಹೆಂಗಸಿನ ಕಡೆ ಕಣ್ಣಲ್ಲೇ ತೋರಿಸಿದರು. "ಆಕೆ ಇನ್ನೊಂದು ಕಡೆ ಕೆಲಸ ಬಿಟ್ಟು ಅವರ ಜಾಗಕ್ಕೆ ಬಂದಿದ್ದಾಳೆ. ಈಗ ಏನಂತ ಹೇಳಿ ಎಬ್ಬಿಸ್ಲಿ?"

ನಾನು ನಿಂತೇ ಇದ್ದೆ. ನಿಲ್ಲುವುದನ್ನು ಬಿಟ್ಟು ಬೇರೆ ಉಪಾಯ ನನಗೆ ಹೊಳೆಯಲಿಲ್ಲ. ಅವರಿಗೇ ಕರುಣೆ ಬಂದು, ಅದೇ ಪಾಠದ ಪುಸ್ತಕದ ಉಳಿದ ಪುಟಗಳನ್ನು ಕಟ್ಟಿ ಕೊಟ್ಟರು. "ಮನೇಲೇ ಕೂತು ನೋಡಿ ಕೊಡ್ಲಿ. ಚೆನ್ನಾಗಿ ನಡೆದ್ರೆ ಹೀಗೇ ಕಳಿಸ್ತಾ ಇರ್ತೀನಿ. ಶುಕ್ರವಾರದ ಒಳಗೆ ಬೇಕು."

ಮಾವ ಕಟ್ಟು ನೋಡಿದರು. ಒಳಗೆ ಹೋಗಿ ಪೆನ್ಸಿಲು ತಂದರು. ಹೆಂಡತಿ ನನ್ನ ಕಡೆ ನೋಡಿದಳು. ಅವತ್ತು ನಮ್ಮಿಬ್ಬರಿಗೂ ಊಟ ರುಚಿಸಿತು.

ಮರುದಿನ ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ಮಾವ ಕರೆದರು.

"ಅಳಿಯಂದಿರೇ, ಈ ಸಾಲು ಓದಿ."

ಓದಿದೆ.

"ನಿಮಗೆ ಹಾಗೇ ಕಾಣುತ್ತಾ?"

"ಹಾಗೇ ಕಾಣುತ್ತೆ ಮಾವ."

ಪೆನ್ಸಿಲಿನಿಂದ ಒಂದು ಗುರುತು ಹಾಕಿದರು. ಕೆಳಗಿನ ಸಾಲಿಗೆ ಬೆರಳಿಟ್ಟರು. "ಇದು?"

ಅದನ್ನೂ ಓದಿದೆ. ಅದರ ಕೆಳಗಿನದ್ದನ್ನೂ ಓದಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ನನ್ನ ಅಭಿಪ್ರಾಯ ಕೇಳದಿದ್ದವರು, ಆ ದಿನ ಊಟದ ಹೊತ್ತಿನ ತನಕ ಸಾಲು ಸಾಲಿಗೂ ನನ್ನನ್ನು ಕೇಳಿದರು. ನಾನಿಲ್ಲದಾಗ ಮಗಳನ್ನು ಕೇಳಿದರು. ಅವಳು ಒಲೆಯ ಮೇಲಿನದ್ದನ್ನು ಇಳಿಸಿ ಕೈ ಒರೆಸಿಕೊಂಡು ಬಂದು ಓದುವಳು. ಮೂರು ದಿನಕ್ಕೆ ಒಂಬತ್ತು ಪುಟವಾಯಿತು. ಉಳಿದದ್ದು ಎಪ್ಪತ್ತು.

ಗುರುವಾರ ಸಂಜೆ ಪುಟಗಳನ್ನೆಲ್ಲ ಜೋಡಿಸಿ, ದಾರ ಕಟ್ಟಿ ನನ್ನ ಕೈಗೆ ಕೊಟ್ಟರು.

"ಇದನ್ನ ವಾಪಸು ಕೊಟ್ಟುಬಿಡಿ. ಒಂದು ಸಾಲಿಗೆ ಎರಡು ಜೊತೆ ಕಣ್ಣು ಬೇಡೋ ಕೆಲಸಗಾರ ಯಾರಿಗೂ ಬೇಡ."

"ನಿಮ್ಮ ಕಣ್ಣು ಸರಿ ಇದೆ ಮಾವ. ಆ ಡಬ್ಬಿ ನನ್ನ ತಪ್ಪು."

"ಗೊತ್ತಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿದ್ದೂ ನೋಡ್ದೆ. ಆಗ್ಲಿಲ್ಲ."

ಕಟ್ಟನ್ನು ಒಯ್ದು ಕೊಟ್ಟೆ. ಯಜಮಾನರು ಇರಲಿಲ್ಲ. ಕಿಟಕಿಯ ಪಕ್ಕದ ಹೆಂಗಸು ದಾರ ಬಿಚ್ಚಿ, ಮಾವ ತಿದ್ದಿದ ಒಂಬತ್ತು ಪುಟಗಳನ್ನು ಒಂದೊಂದಾಗಿ, ನಿಧಾನವಾಗಿ ನೋಡಿದಳು. ಆಮೇಲೆ ತಾನು ಮೊದಲೇ ನೋಡಿಟ್ಟುಕೊಂಡಿದ್ದ ಅದೇ ಪುಟಗಳ ಇನ್ನೊಂದು ಪ್ರತಿಯನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದಳು.

"ನಾನು ಆರು ತಪ್ಪು ಬಿಟ್ಟಿದ್ದೀನಿ ಸಾರ್," ಎಂದಳು. "ಇವರು ಒಂದೂ ಬಿಟ್ಟಿಲ್ಲ. ಅವರಿಗೆ ಹೇಳಿ."

ದಾರಿಯುದ್ದಕ್ಕೂ ಆ ಮಾತನ್ನು ಚೆಲ್ಲದ ಹಾಗೆ ಹಿಡಿದುಕೊಂಡು ಬಂದೆ. ಮಾವ ದೀಪ ಹಚ್ಚದೆ ಜಗುಲಿಯಲ್ಲೇ ಕೂತಿದ್ದರು. ಹೇಳಿದೆ, ಅವಳು ಅಂದದ್ದನ್ನು ಅಂದ ಹಾಗೇ, ಒಂದು ಪದವೂ ಬಿಡದೆ.

ಅವರು ಬೀದಿ ನೋಡುತ್ತಾ ಕೇಳಿಸಿಕೊಂಡರು.

"ಪಾಪ," ಎಂದರು. "ಆಕೆಗೆ ಹಾಗೆ ಕಂಡಿರಬೇಕು."